ಭೋಜದ ಸಾತಗೌಡರು ಆಚಾರ್ಯ ಶಾಂತಿಸಾಗರರಾದ ಬಗೆ

ನಮ್ಮ ಕಾಕತಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಸಾಗಿ ನಿಪ್ಪಾಣಿಯ ಸೀಮೆಯನ್ನು ಸೇರಿದರೆ, ದೂಧಗಂಗಾ ವೇದಗಂಗಾ ನದಿಗಳ ಸಂಗಮದ ಬಳಿ ಭೋಜ ಗ್ರಾಮವಿದೆ. ಪ್ರಾತಃಸ್ಮರಣೀಯ ಚಾರಿತ್ರಚಕ್ರವರ್ತಿ ಶಾಂತಿಸಾಗರ ಆಚಾರ್ಯರು ಈ ಊರಿನ ಪಾಟೀಲ ಮನೆತನದವರು. ಭೀಮಗೌಡ ಸತ್ಯವತಿ ದಂಪತಿಗಳ ಪುತ್ರರಾಗಿ 1872ರಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ಸಾತಗೌಡ. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಕೆಲವೇ ತಿಂಗಳಲ್ಲಿ ಆ ಬಾಲಿಕೆ ತೀರಿಕೊಂಡಳು. ಮರುವಿವಾಹಕ್ಕೆ ಅವರು ಒಪ್ಪಲೇ ಇಲ್ಲ.

ಹದಿನೆಂಟರ ಹೊತ್ತಿಗೆ ದೀಕ್ಷೆಯ ಬಯಕೆ ಅಂಕುರಿಸಿತು. ತಾವಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂದು ತಂದೆ ಕೇಳಿಕೊಂಡರು. ಮಗ ಆ ಮಾತನ್ನು ಮೀರಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕ ಈ ಕಾಯುವಿಕೆಯನ್ನು ಚರಿತ್ರೆಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ; ನನಗಂತೂ ಗೃಹಸ್ಥರು ಹೆಚ್ಚು ಮನನ ಮಾಡಬೇಕಾದ ಭಾಗ ಇದೇ ಎನಿಸುತ್ತದೆ. ಭೀಮಗೌಡರು ಸ್ವತಃ ಹದಿನಾರು ವರ್ಷ ಏಕಭುಕ್ತ ವ್ರತವನ್ನು ಪಾಲಿಸಿದವರು. ತಂದೆಯ ಎಲೆ ದಿನಕ್ಕೊಮ್ಮೆ ಮಾತ್ರ ಹಾಸುವುದನ್ನು ನೋಡುತ್ತ ಬೆಳೆದ ಮಗನಿಗೆ ಬೇರೆ ಉಪದೇಶ ಬೇಕಾಗಲಿಲ್ಲ. ಸಮ್ಮೇದಶಿಖರಜಿಯ ಯಾತ್ರೆ ಮಾಡಿಬಂದು ತಾವೂ ಆ ವ್ರತವನ್ನೇ ಹಿಡಿದರು. ಬಟ್ಟೆಯ ಅಂಗಡಿಯಲ್ಲಿ ಕುಳಿತಾಗಲೂ ಕೈಯಲ್ಲಿ ಶಾಸ್ತ್ರಗ್ರಂಥ. ಗಿರಾಕಿಗಳೇ ಬಟ್ಟೆ ಅಳೆದುಕೊಂಡು ಲೆಕ್ಕ ಬರೆದು ಹೋಗುತ್ತಿದ್ದರೆಂದು ಬರೆದಿದ್ದಾರೆ.

ತಂದೆತಾಯಿಗಳ ಸಮಾಧಿಯ ಬಳಿಕ 1914ರಲ್ಲಿ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಸ್ವಾಮಿಗಳಿಂದ ಕ್ಷುಲ್ಲಕ ದೀಕ್ಷೆ, 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ. ಆ ಕಾಲದಲ್ಲಿ ಈ ಭಾಗದಲ್ಲಿ ತ್ಯಾಗಿಗಳ ಆಹಾರಕ್ಕೆ ಉಪಾಧ್ಯೆಯರು ಮೊದಲೇ ಮನೆ ಗೊತ್ತುಮಾಡುತ್ತಿದ್ದರು. ಇದು ಉದ್ದಿಷ್ಟವೆಂದು ಸಾತಗೌಡರು ಕ್ಷುಲ್ಲಕರಾಗಿದ್ದಾಗಲೇ ನಿರಾಕರಿಸಿದರು. ವಿಧಿಪೂರ್ವಕ ಪಡಗಾಹನ ಬಲ್ಲವರಿಲ್ಲದೆ ದಿನಗಟ್ಟಲೆ ಉಪವಾಸ ಬಿದ್ದಿತು; ಆದರೆ ಹಸಿದ ತ್ಯಾಗಿಯನ್ನು ಕಂಡು ಶ್ರಾವಕರೇ ಕ್ರಮವನ್ನು ಕಲಿತರು. ಮುಂದೆ ಮಿಥ್ಯಾದೇವತೆಗಳ ಪೂಜೆಯನ್ನು ಬಿಟ್ಟವರ ಕೈಯಿಂದ ಮಾತ್ರ ಆಹಾರವೆಂಬ ನಿಯಮವನ್ನೂ ಮಾಡಿದರು. ಮುನಿಗೆ ಒಂದು ತುತ್ತು ಕೊಡಬೇಕೆಂಬ ಆಸೆಯಿಂದ ಎಷ್ಟೋ ಮನೆಗಳ ಜಗುಲಿಯಲ್ಲಿ ಜಿನಬಿಂಬವೊಂದೇ ಉಳಿಯಿತು. ಮೂವತ್ತೈದು ವರ್ಷದ ಮುನಿಜೀವನದಲ್ಲಿ ಅವರ ಉಪವಾಸಗಳು 9938 ಎಂದು ಚರಿತ್ರಕಾರರ ಲೆಕ್ಕ.

1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದವಿ ದೊರೆಯಿತು. ಬಳಿಕ ಸಂಘಸಹಿತ ಉತ್ತರಭಾರತದ ವಿಹಾರ. ಅಣ್ಣ ದೇವಗೌಡರು ತಮ್ಮನ ಹಾದಿ ಹಿಡಿದು ವರ್ಧಮಾನಸಾಗರ ಮುನಿಗಳಾದರು.

ಮುಂಬಯಿ ಪ್ರಾಂತದ 1947ರ ಹರಿಜನ ದೇವಾಲಯ ಪ್ರವೇಶದ ಕಾಯಿದೆಯು ಬಸದಿಗಳಿಗೂ ಅನ್ವಯಿಸಿದಾಗ, ಜೈನಧರ್ಮವು ಸ್ವತಂತ್ರವೆಂದು ಸಾರಿ 1948ರಲ್ಲಿ ಅನ್ನತ್ಯಾಗ ಮಾಡಿದರು. 1951ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪು ಬಂದ ಬಳಿಕವೇ ಧಾನ್ಯ ಸ್ವೀಕರಿಸಿದರು. ಪಶುಪಕ್ಷಿಗಳಿಗೂ ಸಮವಸರಣದಲ್ಲಿ ಎಡೆಯಿರುವಾಗ ಮನುಷ್ಯರಿಗೆ ಬಾಗಿಲು ಮುಚ್ಚುವುದು ಸಲ್ಲದು ಎಂದೇ ನನ್ನ ಭಾವನೆ. ಧರ್ಮದ ಸ್ವಾತಂತ್ರ್ಯದ ಪ್ರಶ್ನೆ ಬೇರೆ. ಅದಕ್ಕಾಗಿ ಎಪ್ಪತ್ತೈದರ ವೃದ್ಧರು ಮೂರು ವರ್ಷ ನಡೆಸಿದ ವ್ರತದ ದಾರ್ಢ್ಯವೂ ಬೇರೆ.

ಮೂಡಬಿದಿರೆಯ ಧವಲಾದಿ ತಾಡವಾಲೆಗಳು ಶಿಥಿಲವಾಗಿ ಕೆಲವು ಭಾಗ ಅಳಿದವೆಂದು ತಿಳಿದಾಗ ವ್ಯಾಕುಲರಾಗಿ, ಅವನ್ನು ತಾಮ್ರಪತ್ರಗಳಲ್ಲಿ ಕೊರೆಯಿಸುವ ಕಾರ್ಯಕ್ಕೆ ಪ್ರೇರಣೆಯಿತ್ತರು. ಆ ಪತ್ರಗಳನ್ನು ಫಲಟಣದಲ್ಲಿ ಇರಿಸಲಾಯಿತು.

ಕಣ್ಣು ಮಂಜಾಗಿ, ನೆಲದ ಜೀವಗಳನ್ನು ಕಂಡು ಹೆಜ್ಜೆಯಿಡುವ ಈರ್ಯಾಸಮಿತಿ ಅಸಾಧ್ಯವಾದಾಗ, 1955ರ ಆಗಸ್ಟಿನಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಕೊಂಡರು. ಅದರ ನಡುವೆಯೇ ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರರಿಗೆ ಆಚಾರ್ಯಪಟ್ಟವನ್ನು ವಹಿಸಿದರು. ಸೆಪ್ಟೆಂಬರ್ 8ರಂದು, ಉಪವಾಸದ ಇಪ್ಪತ್ತಾರನೆಯ ದಿನ, ಭಯ ಬಿಟ್ಟು ಸಂಯಮವನ್ನು ಧರಿಸಿರೆಂದು, ದಿನಕ್ಕೆ ಸ್ವಲ್ಪ ಹೊತ್ತಾದರೂ ಆತ್ಮಚಿಂತನೆ ಮಾಡಿರೆಂದು ಮರಾಠಿಯಲ್ಲಿ ಉಪದೇಶಿಸಿದರು. ಶ್ರಾವಕರು ಅದನ್ನು ಧ್ವನಿಮುದ್ರಣ ಮಾಡಿಕೊಂಡರು. ಸೆಪ್ಟೆಂಬರ್ 18ರ ಬೆಳಿಗ್ಗೆ, ಮೂವತ್ತಾರನೆಯ ದಿನ, ಆಚಾರ್ಯಶ್ರೀಗಳ ಸಮಾಧಿಯಾಯಿತು.