ಪಂಡಿತಾ ರಮಾಬಾಯಿಯವರು

ತುಂಗೆ, ಭದ್ರೆ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ಹೆಸರನ್ನು ಕೇಳದ ಕನ್ನಡಿಗರು ವಿರಳ. ಸಹ್ಯಾದ್ರಿಯ ಆ ಅರಣ್ಯದ ನಡುವಿನ ಒಂದು ಮನೆಯಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ೨೩ನೆಯ ತಾರೀಖಿನಂದು ಜನಿಸಿದ ಹೆಣ್ಣುಮಗುವೇ ಮುಂದೆ ಪಂಡಿತಾ ರಮಾಬಾಯಿ ಎಂದು ದೇಶವಿದೇಶಗಳಲ್ಲಿ ಖ್ಯಾತಿಯನ್ನು ಪಡೆದರು. ಹೆಣ್ಣುಮಕ್ಕಳ ವಿದ್ಯಾಶಾಲೆಗೆ ಸಂಬಂಧಪಟ್ಟ ನಾವೆಲ್ಲರೂ ಈ ಮಹಾತಾಯಿಯ ಚರಿತ್ರೆಯನ್ನು ಅರಿಯತಕ್ಕದ್ದು ಅವಶ್ಯ. ಏಕೆಂದರೆ ಮನೆಮಠಗಳಿಲ್ಲದ ಮಕ್ಕಳಿಗೆ ಅನ್ನದ ಸಂಗಡ ವಿದ್ಯೆಯೂ ಸಲ್ಲಬೇಕೆಂಬುದನ್ನು ಅವರು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟರು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಪುಣೆಯಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಅವರು ಕಂಡಿದ್ದರು. ಸ್ತ್ರೀಯರೂ ಶಾಸ್ತ್ರಗಳನ್ನು ಓದಬಲ್ಲರೆಂಬ ನಂಬಿಕೆ ಅಂದೇ ಅವರ ಮನಸ್ಸಿನಲ್ಲಿ ಬೇರೂರಿತು. ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಅವರು ಸ್ವಜನರ ಆಕ್ಷೇಪಣೆಗೆ ಗುರಿಯಾಗಿ, ಉಡುಪಿಯಲ್ಲಿ ಪಂಡಿತರ ಮುಂದೆ ತಮ್ಮ ಪಕ್ಷವನ್ನು ಸಮರ್ಥಿಸಿಕೊಳ್ಳಬೇಕಾಯಿತು. ಕೊನೆಗೆ ಕಾಡಿನಲ್ಲಿ ಮನೆ ಮಾಡಿ ಅಲ್ಲಿಯೇ ಶಿಷ್ಯರಿಗೆ ಪಾಠ ಹೇಳುತ್ತಿದ್ದರು.

ರಮಾಬಾಯಿ ಇನ್ನೂ ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಸಾಗಿದರು. ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುವುದು, ದೇವಸ್ಥಾನಗಳಲ್ಲಿ ಪುರಾಣವನ್ನು ಓದಿ ಬಂದುದರಿಂದ ಜೀವಿಸುವುದು, ಇದೇ ಅವರ ಸಂಸಾರವಾಯಿತು. ಆದರೆ ಪಾಠವು ನಿಲ್ಲಲಿಲ್ಲ. ತಾಯಿಯು ದಾರಿಯಲ್ಲಿಯೇ ಮಗಳಿಗೆ ಸಂಸ್ಕೃತವನ್ನು ಬಾಯಿಪಾಠ ಮಾಡಿಸಿದಳು. ಶಾಲೆಯ ಹೊಸ್ತಿಲನ್ನೇ ತುಳಿಯದ ಈ ಹುಡುಗಿಗೆ ತಾಯಿಯೇ ಶಾಲೆಯಾದಳು.

೧೮೭೦ರ ದಶಕದಲ್ಲಿ ದಕ್ಷಿಣದೇಶವನ್ನು ಭಯಂಕರವಾದ ಬರಗಾಲವು ಮುತ್ತಿತು. ಇದ್ದ ಅಲ್ಪಸ್ವಲ್ಪವೂ ತೀರಿಹೋಗಿ, ಹಸಿವು ಮತ್ತು ಬಳಲಿಕೆಗಳಿಂದ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಕಾಲವಶರಾದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ. ಅವರು ಕಾಲ್ನಡೆಯಿಂದ ದೇಶವನ್ನು ಸುತ್ತಿ ೧೮೭೮ರಲ್ಲಿ ಕಲ್ಕತ್ತೆಯನ್ನು ತಲಪಿದರು. ಅಲ್ಲಿನ ವಿದ್ವಾಂಸರು ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ೧೮೮೦ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಅವರ ವಿವಾಹವಾಯಿತು. ಮಗಳು ಮನೋರಮೆ ಇನ್ನೂ ವರ್ಷ ತುಂಬದ ಕೂಸಾಗಿದ್ದಾಗ, ೧೮೮೨ರಲ್ಲಿ, ಪತಿಯು ಕಾಲರಾ ಬೇನೆಯಿಂದ ಮೃತಪಟ್ಟರು.

ವಿಧವೆಯಾದ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ದೇಶದ ವಿದ್ಯಾಭ್ಯಾಸದ ಸ್ಥಿತಿಯನ್ನು ವಿಚಾರಿಸಲು ಸರಕಾರವು ನೇಮಿಸಿದ್ದ ಹಂಟರ್ ಕಮಿಷನ್ನಿನ ಮುಂದೆ ಅವರು ಸಾಕ್ಷ್ಯವನ್ನು ಕೊಟ್ಟರು. ಹೆಣ್ಣುಮಕ್ಕಳಿಗೆ ಶಾಲೆಗಳನ್ನು ತೆರೆದರಷ್ಟೇ ಸಾಲದು, ಅಲ್ಲಿ ಕಲಿಸಲು ತರಬೇತಿ ಹೊಂದಿದ ಉಪಾಧ್ಯಾಯಿನಿಯರು ಬೇಕು, ಶಾಲೆಗಳನ್ನು ಪರೀಕ್ಷಿಸಲು ಸ್ತ್ರೀ ತನಿಖಾಧಿಕಾರಿಗಳು ಬೇಕು, ಸ್ತ್ರೀಯರಿಗೆ ವೈದ್ಯಶಾಸ್ತ್ರವನ್ನೂ ಕಲಿಸಬೇಕು ಎಂಬುದು ಅವರ ಮಾತಿನ ಸಾರ. ರೋಗದ ಮೂಲವನ್ನು ಅವರು ಸರಿಯಾಗಿ ಗುರುತಿಸಿದ್ದರು. ಕಲಿಸುವ ಸ್ತ್ರೀಯರಿಲ್ಲದೆ ಕಲಿಯುವ ಹುಡುಗಿಯರು ಬಾರರು. ಹುಡುಗಿಯರು ಕಲಿಯದೆ ಕಲಿಸುವ ಸ್ತ್ರೀಯರು ದೊರೆಯರು.

೧೮೮೩ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ, ವಾಂಟೇಜಿನಲ್ಲಿ ಕ್ರೈಸ್ತ ದೀಕ್ಷೆಯನ್ನು ಪಡೆದು, ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ತಾವೂ ಕಲಿಯುತ್ತ ಸಂಸ್ಕೃತವನ್ನು ಕಲಿಸಿದರು. ೧೮೮೬ರಲ್ಲಿ ಅಮೇರಿಕಕ್ಕೆ ತೆರಳಿ ಕಿಂಡರ್‌ಗಾರ್ಟನ್ ಶಿಕ್ಷಣಪದ್ಧತಿಯನ್ನು ಅಭ್ಯಾಸ ಮಾಡಿದರು. ಹಿಂದೂ ವಿಧವೆಯರ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು ೧೮೮೭ರಲ್ಲಿ ಅಲ್ಲಿ ಪ್ರಕಟವಾಯಿತು. ಅವರ ಶಾಲೆಗೆ ಹತ್ತು ವರ್ಷ ಸಹಾಯ ಮಾಡುವುದಕ್ಕೆ ಬಾಸ್ಟನ್ನಿನಲ್ಲಿ ಒಂದು ಸಂಘವೂ ಹುಟ್ಟಿತು.

ಸ್ವದೇಶಕ್ಕೆ ಮರಳಿ ೧೮೮೯ನೆಯ ಮಾರ್ಚಿ ೧೧ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ಇಲ್ಲಿನ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ ಎಂಬ ವಿಧವೆಯು ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಆ ಕರ್ವೆಯವರೇ ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಆದರೆ ೧೮೯೩ರಲ್ಲಿಯೇ ಸದನವು ಕಠಿಣ ಪರೀಕ್ಷೆಗೂ ಒಳಗಾಯಿತು. ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕೆಲವು ಹುಡುಗಿಯರು ಸೇರುತ್ತಾರೆಂಬ ಕಾರಣದಿಂದ ಊರಲ್ಲಿ ದೊಡ್ಡ ವಿವಾದವೆದ್ದು, ನೆರವಾಗಿದ್ದ ಹಿಂದೂ ಮುಖಂಡರು ಸಲಹಾಮಂಡಲಿಯಿಂದ ಹೊರಬಂದರು. ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಸಹಾಯದ ಹತ್ತು ವರ್ಷಗಳ ಅವಧಿಯೂ ಸಮೀಪಿಸುತ್ತಿತ್ತು.

ಇಂತಹ ಸಂಕಟದ ದಿನಗಳಲ್ಲಿಯೇ, ೧೮೯೬ರ ಕೊನೆಯಲ್ಲಿ, ಮಧ್ಯಪ್ರಾಂತ್ಯದಿಂದ ಕ್ಷಾಮದ ಸುದ್ದಿ ಬಂದಿತು. ಕೈಯಲ್ಲಿ ಹಣವಿರಲಿಲ್ಲ, ಇದ್ದ ಮಕ್ಕಳನ್ನು ಸಾಕುವುದೇ ಭಾರವಾಗಿತ್ತು. ಆದರೆ ಹಸಿವಿನಿಂದ ತಂದೆತಾಯಿಗಳನ್ನು ಕಳೆದುಕೊಂಡು ದಾರಿಯಲ್ಲಿ ನಿಂತಿದ್ದವರು, ದಾರಿಯಲ್ಲಿ ನಿಂತ ಮಕ್ಕಳನ್ನು ಮರೆಯುವುದೆಂತು? ಅವರು ತಾವೇ ಹೊರಟು, ನೂರಾರು ಹುಡುಗಿಯರನ್ನೂ ಬಾಲವಿಧವೆಯರನ್ನೂ ಕರೆತಂದರು. ಪುಣೆಯಲ್ಲಿ ಪ್ಲೇಗಿನ ಭೀತಿಯಿದ್ದುದರಿಂದ ಅವರನ್ನು ಕೇಡಗಾಂವಿನಲ್ಲಿದ್ದ ತಮ್ಮ ಜಮೀನಿನಲ್ಲಿ ಇರಿಸಿದರು. ಮುಕ್ತಿ ಎಂಬ ಸಂಸ್ಥೆಯು ಹುಟ್ಟಿದುದು ಹೀಗೆ. ೧೯೦೦ರ ಕ್ಷಾಮದಲ್ಲಿ ಗುಜರಾತಿನ ಕಡೆಯಿಂದಲೂ ಮಕ್ಕಳು ಬಂದು, ನಿವಾಸಿಗಳ ಸಂಖ್ಯೆಯು ೨೦೦೦ಕ್ಕೆ ಸಮೀಪವಾಯಿತು.

ಇಷ್ಟು ಮಕ್ಕಳಿಗೆ ಪಾಠ ಹೇಳುವವರು ಯಾರು? ಕಮಿಷನ್ನಿನ ಮುಂದೆ ಹೇಳಿದ ಮಾತಿಗೆ ಇಲ್ಲಿ ಉತ್ತರ ದೊರೆಯಿತು. ಶಾರದಾ ಸದನದಲ್ಲಿ ಕಲಿತ ಹುಡುಗಿಯರೇ ಹೊಸಬರಿಗೆ ಉಪಾಧ್ಯಾಯಿನಿಯರೂ ಪಾಲಕಿಯರೂ ಆದರು. ಅಕ್ಷರದ ಸಂಗಡ ನೇಯ್ಗೆ, ಹೊಲಿಗೆ, ಅಚ್ಚಿನ ಕೆಲಸ, ಹೈನು, ಬೇಸಾಯಗಳನ್ನೂ ಕಲಿಸಲಾಯಿತು. ಸಮಾಜವು ಕೈಬಿಟ್ಟ ಸ್ತ್ರೀಯರಿಗೆ ಕೃಪಾ ಸದನವಾಯಿತು. ಕುರುಡರಿಗೆ ಮನೋರಮೆಯು ಬ್ರೈಲ್ ಲಿಪಿಯನ್ನು ಕಲಿಸಿದಳು. ನಮ್ಮ ಗುಲ್ಬರ್ಗದಲ್ಲಿಯೂ ರಮಾಬಾಯಿಯವರು ಒಂದು ಶಾಲೆಯನ್ನು ಸ್ಥಾಪಿಸಿ, ಅದರ ಆಡಳಿತವನ್ನು ಮಗಳಿಗೆ ವಹಿಸಿದರು.

ಈ ಕೆಲಸಗಳ ನಡುವೆಯೇ ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ಭಾಷಾಂತರಿಸಿದರು. ೧೯೧೯ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತಿತು. ೧೯೨೧ರಲ್ಲಿ ಮನೋರಮೆಯು ತಾಯಿಗಿಂತ ಮುಂಚೆಯೇ ತೀರಿಕೊಂಡಳು. ಆ ದುಃಖವನ್ನು ಸಹಿಸಿ ಕೈಕೊಂಡ ಕೆಲಸವನ್ನು ಮುಗಿಸಿದ ರಮಾಬಾಯಿಯವರು ೧೯೨೨ನೆಯ ಏಪ್ರಿಲ್ ೫ರಂದು ದೈವಾಧೀನರಾದರು. ಕೇಡಗಾಂವಿನ ಮುಕ್ತಿ ಸಂಸ್ಥೆಯು ಇಂದಿಗೂ ನಡೆಯುತ್ತಿದೆ.

ಯುದ್ಧ, ಬರ, ನೆರೆಗಳಿಂದ ನೆಲೆ ತಪ್ಪಿದ ಮಕ್ಕಳು ಇಂದೂ ಲೋಕದಲ್ಲಿ ಅನೇಕರಿದ್ದಾರೆ. ಒಂದು ದೇಶದ ವಿದ್ಯಾಭ್ಯಾಸದ ಏರ್ಪಾಡು ಎಷ್ಟು ಗಟ್ಟಿಯೆಂಬುದು, ಬೆಚ್ಚಗಿನ ಮನೆಯಿಂದ ಬರುವ ಮಗುವಿನಿಂದಲ್ಲ, ದಾರಿಯಿಂದ ಬರುವ ಮಗುವಿನಿಂದ ತಿಳಿಯುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿರುವ ಸೋದರಿಯರು ಈ ಮಾತನ್ನು ನೆನೆಯಲಿ. ತರಗತಿಗೆ ವರ್ಷದ ನಡುವೆ ಬರುವ, ನಮ್ಮ ಮಾತು ಬಾರದ, ಪುಸ್ತಕವಿಲ್ಲದ ಹುಡುಗಿಗೆ ಮುಂದಿನ ಸಾಲಿನಲ್ಲಿ ಸ್ಥಳ ಮಾಡಿಕೊಡಲಿ. ತಾಯಿತಂದೆಗಳೂ ಅಂತಹವಳನ್ನು ತಮ್ಮ ಮಗಳ ಗೆಳತಿಯೆಂದು ಮನೆಗೆ ಕರೆಯಲಿ. ಬುಟ್ಟಿಯಲ್ಲಿ ಊರೂರು ಸುತ್ತಿದ ಕೂಸೊಂದು ಸಾವಿರಾರು ಮಕ್ಕಳಿಗೆ ತಾಯಿಯಾದುದನ್ನು ಬಲ್ಲ ನಾವು, ಯಾವ ಮಗುವನ್ನೂ ಅಲ್ಪವೆಂದು ಎಣಿಸಲಾಗದು.