ಬೀದಿಗಿಳಿದ ಸಾಹುಕಾರ

ಹೆಸರೇ ವ್ಯಾಪಾರಿಯ ನಿಜವಾದ ಬಂಡವಾಳ. ಹಣ ಹೋದರೆ ಸಾಲ ತರಬಹುದು; ಹೆಸರು ಹೋದರೆ ಸಾಲವೂ ಹುಟ್ಟದು. ಹದಿನಾರನೆಯ ಶತಮಾನದಲ್ಲಿ ಶ್ರೀನಿವಾಸ ನಾಯಕನೆಂಬ ಲೇವಾದೇವಿಗಾರ ಇವೆರಡನ್ನೂ ಒಟ್ಟಿಗೇ ಬಿಟ್ಟುಕೊಟ್ಟ. ಅವನು ಸಂಪತ್ತನ್ನು ತ್ಯಜಿಸಿದ ಕಥೆಯನ್ನು ನಾವೆಲ್ಲ ಬಲ್ಲೆವು. ನಾಲ್ಕು ಜನರ ಮುಂದಿನ ಮಾನದ ಹಂಗನ್ನು ತೊರೆದ ಕಥೆಯನ್ನು ಅಷ್ಟಾಗಿ ಗಮನಿಸಿಲ್ಲ.

ಸಂಪ್ರದಾಯದ ಲೆಕ್ಕದಂತೆ ಅವನ ಜನನ 1484ರಲ್ಲಿ. ತಂದೆ ವರದಪ್ಪ ನಾಯಕ. ಹುಟ್ಟೂರು ಪುಣೆ ಸಮೀಪದ ಪುರಂದರಗಡವೆಂದು ಬಹುಕಾಲ ನಂಬಲಾಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆಯೆಂಬ ವಾದವೂ ಪ್ರಬಲವಾಗಿದೆ. ಒಡವೆ ಅಡವಿಟ್ಟುಕೊಂಡು ಸಾಲ ಕೊಡುವುದು ಅವನ ಕಸುಬು, ನವಕೋಟಿ ನಾರಾಯಣನೆಂಬುದು ಖ್ಯಾತಿ, ಜಿಪುಣತನ ಅಪಖ್ಯಾತಿ. ಮಗನ ಉಪನಯನಕ್ಕೆಂದು ಬೇಡಿ ಬಂದ ಬಡ ಬ್ರಾಹ್ಮಣನಿಗೆ ಪತ್ನಿ ಸರಸ್ವತಿಬಾಯಿ ತನ್ನ ಮೂಗುತಿಯನ್ನೇ ಕೊಟ್ಟಳು, ಅದು ಗಂಡನ ಅಂಗಡಿಗೇ ಅಡವಿಗೆ ಬಂತು, ಆಕೆ ಕೈಗೆತ್ತಿಕೊಂಡ ವಿಷದ ಬಟ್ಟಲಲ್ಲಿ ಮತ್ತೆ ಕಾಣಿಸಿತು ಎಂಬುದು ಐತಿಹ್ಯ. ಚರಿತ್ರೆ ಇದಕ್ಕೆ ಸಾಕ್ಷಿ ನುಡಿಯಲಾರದು. ಆದರೆ ಆ ವ್ಯಾಪಾರಿ ಸರ್ವಸ್ವವನ್ನೂ ದಾನ ಮಾಡಿ, ಹೆಂಡತಿ ಮಕ್ಕಳೊಡನೆ ವಿಜಯನಗರಕ್ಕೆ ನಡೆದು, ವ್ಯಾಸತೀರ್ಥರಿಂದ ದಾಸದೀಕ್ಷೆ ಪಡೆದು ಪುರಂದರದಾಸನಾದನೆಂಬುದನ್ನು ಹರಿದಾಸ ಪರಂಪರೆ ಒಮ್ಮತದಿಂದ ಹೇಳುತ್ತದೆ.

ಆಗ ಅವರಿಗೆ ವಯಸ್ಸು ನಲವತ್ತರ ಆಸುಪಾಸು. ಕಾಲಿಗೆ ಗೆಜ್ಜೆ, ಹೆಗಲಿಗೆ ತಂಬೂರಿ, ಕೈಯಲ್ಲಿ ಚಿಟಿಕೆ. ಪ್ರತಿದಿನ ಬೀದಿ ಬೀದಿ ಹಾಡುತ್ತ, ಕುಣಿಯುತ್ತ, ಅಂದಂದಿನ ಕಾಳನ್ನು ಅಂದಂದೇ ಎತ್ತಿ ತರುವ ಬದುಕು. ನಿನ್ನೆಯವರೆಗೆ ಸಾಲಗಾರರನ್ನು ಬಾಗಿಲಲ್ಲಿ ಕಾಯಿಸಿದವರು ಇಂದು ಅನ್ಯರ ಬಾಗಿಲಲ್ಲಿ ನಿಲ್ಲಬೇಕು. ವಿಜಯನಗರವಾದರೋ ವಿದೇಶೀ ಪ್ರವಾಸಿಗರೂ ಬೆರಗಾದ ಶ್ರೀಮಂತ ರಾಜಧಾನಿ; ವ್ಯಾಪಾರಿಯ ಪತನವನ್ನು ನೋಡಿ ನಗುವವರಿಗೆ ಅಲ್ಲಿ ಬರವಿರಲಿಲ್ಲ. ಪಂಡಿತರ ದೃಷ್ಟಿಯಲ್ಲಿಯೂ ಅದು ಘನತೆಯ ಕೆಲಸವಲ್ಲ. ಶಾಸ್ತ್ರವೆಂದರೆ ಸಂಸ್ಕೃತ ಎನ್ನುತ್ತಿದ್ದ ಕಾಲದಲ್ಲಿ ದಾಸರು ಅಡುಗೆಮನೆಯ, ಸಂತೆಯ, ಜಗಳದ ಕನ್ನಡದಲ್ಲಿ ದೇವರನ್ನು ಕರೆದರು. ಮುದ್ದಿಸಿದರು, ಬೈದರು, ಗೇಲಿಯನ್ನೂ ಮಾಡಿದರು. ಮಹಾ ತಾರ್ಕಿಕರಾದ ವ್ಯಾಸತೀರ್ಥರು ಶಿಷ್ಯನ ಈ ಹಾಡುಗಳಿಗೆ ಪುರಂದರೋಪನಿಷತ್ತೆಂಬ ಗೌರವವಿತ್ತರೆಂದು ಪ್ರತೀತಿ.

ಇಲ್ಲಿ ಒಂದು ಸೂಕ್ಷ್ಮವಿದೆ. ನಗೆಪಾಟಲಿಗೆ ಅಂಜದಿರುವುದು ಬೇರೆ, ಭಕ್ತಿಯನ್ನು ಪ್ರದರ್ಶನಕ್ಕಿಡುವುದು ಬೇರೆ. ಬೀದಿಯಲ್ಲಿ ಕುಣಿದ ಇದೇ ದಾಸರು, ಹೊಟ್ಟೆಪಾಡಿನ ವೈರಾಗ್ಯವನ್ನೂ ಜನ ನೋಡಲೆಂದು ಮಾಡುವ ಜಪತಪವನ್ನೂ ನಿರ್ದಾಕ್ಷಿಣ್ಯವಾಗಿ ಲೇವಡಿ ಮಾಡಿದರು. ಮೂರ್ಖನಂತೆ ಕಂಡೇನೆಂಬ ಭಯಕ್ಕೂ ಭಕ್ತನಂತೆ ಕಾಣಬೇಕೆಂಬ ಹಂಬಲಕ್ಕೂ ಬೇರು ಒಂದೇ: ಎರಡರಲ್ಲೂ ಕಣ್ಣು ದೇವರ ಮೇಲಿಲ್ಲ, ನೋಡುವವರ ಮೇಲಿದೆ. ದಾಸರು ಆ ಬೇರಿಗೇ ಕೊಡಲಿಯಿಟ್ಟರು.

ಹಾಗೆ ಸಂಕೋಚ ಕಳೆದುಕೊಂಡ ಕಂಠವೇ ನಾಡಿಗೆ ಹಾಡಲು ಕಲಿಸಿತು. ಸರಳೆ, ಜಂಟಿವರಸೆ, ಅಲಂಕಾರ, ಗೀತೆಗಳೆಂಬ ಪಾಠಕ್ರಮವನ್ನು ರೂಪಿಸಿದವರು ಅವರೆಂಬ ಕಾರಣಕ್ಕೆ ಕರ್ನಾಟಕ ಸಂಗೀತ ಅವರನ್ನು ಪಿತಾಮಹನೆನ್ನುತ್ತದೆ. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯಮು’ ಕೃತಿಯಲ್ಲಿ ಅವರಿಗೆ ನಮಿಸಿದ್ದಾರೆ. ರಚನೆಗಳು 4,75,000 ಎಂಬುದು ಸಂಪ್ರದಾಯದ ಎಣಿಕೆ. ನಮಗೆ ಉಳಿದಿರುವುದು ಅದರ ಅತ್ಯಲ್ಪ ಭಾಗ.

ಇಂದು ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಲ್ಲಿ ಸಂಗೀತ ಪಾಠಕ್ಕೆ ಕೂರುವ ಮಗುವೂ ಬಾಯಿ ತೆರೆಯುವುದು ಮಾಯಾಮಾಳವಗೌಳದ ಸರಳೆಯಿಂದಲೇ. ಅಪಸ್ವರಕ್ಕೆ ಅದು ನಾಚುವುದಿಲ್ಲ. ನಾಚುವವರು ಹೊರವರ್ತುಲ ರಸ್ತೆಯ ವಾಹನ ದಟ್ಟಣೆಯಲ್ಲಿ ಗಾಜು ಏರಿಸಿಕೊಂಡು ಸಣ್ಣಗೆ ಗುನುಗುವ ಹಿರಿಯರು. ಕಚೇರಿಯಲ್ಲಿ ಹಣೆಯ ಕುಂಕುಮದ ಬಗ್ಗೆ ಮುಜುಗರಪಡುವವರೂ ನಾವೇ, ಮನೆಯ ಪೂಜೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಮೆಚ್ಚುಗೆಗೆ ಕಾಯುವವರೂ ನಾವೇ. ಅಂಗಡಿ ಮುಚ್ಚಿ ಬಂದ ನಾಯಕನಿಗೆ ನಮ್ಮ ಈ ಎರಡೂ ಲೆಕ್ಕಗಳು ಅಪರಿಚಿತವಾಗಿರಲಿಕ್ಕಿಲ್ಲ.

ದಾಸರು 1564ರಲ್ಲಿ ತೀರಿಕೊಂಡರೆನ್ನುತ್ತಾರೆ. ಮರುವರ್ಷವೇ ವಿಜಯನಗರ ಯುದ್ಧದಲ್ಲಿ ಸೋತು ಸೂರೆಹೋಯಿತು. ಹಂಪಿಯಲ್ಲಿ ಈಗ ಆ ಪೇಟೆಬೀದಿಗಳ ಕಲ್ಲುಕಂಬಗಳಷ್ಟೇ ನಿಂತಿವೆ. ಸಮೀಪದಲ್ಲಿ, ತುಂಗಭದ್ರೆ ಉಕ್ಕಿದಾಗಲೆಲ್ಲ ಮುಳುಗಿ ಮತ್ತೆ ಮೇಲೇಳುವ ಪುರಂದರ ಮಂಟಪಕ್ಕೆ ಆರಾಧನೆಯ ದಿನಗಳಲ್ಲಿ ಜನ ಬರುತ್ತಾರೆ. ಕಂಠ ಹೇಗಿದ್ದರೂ ದನಿಗೂಡಿಸಿ ಹಾಡುತ್ತಾರೆ.