ಹುಲಿಗಿಯ ಹೊಳೆದಂಡೆ ಮತ್ತು ಸರ್ ಎಂ. ವಿಶ್ವೇಶ್ವರಯ್ಯ

ಕರಾವಳಿಯಿಂದ ಹಂಪೆ ನೋಡಲು ಹೋಗುವ ನಮ್ಮವರು ತುಂಗಭದ್ರಾ ಅಣೆಕಟ್ಟನ್ನು ಸಾಮಾನ್ಯವಾಗಿ ಹೊಸಪೇಟೆಯ ಬದಿಯಿಂದ ನೋಡಿ ಹಿಂತಿರುಗುತ್ತಾರೆ. ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆಯ ಮುನಿರಾಬಾದ್, ಅದರ ಪಕ್ಕದಲ್ಲೇ ಹುಲಿಗಿ. ಹುಣ್ಣಿಮೆ ಬಂತೆಂದರೆ ಹುಲಿಗೆಮ್ಮನ ದರ್ಶನಕ್ಕೆ ಜನ ಕಿಕ್ಕಿರಿಯುವ ಊರು ಅದು. ಅಲ್ಲಿಂದ ಕೂಗಳತೆಯಲ್ಲಿ ಎನ್ನುವಂತೆ ಅಣೆಕಟ್ಟಿನ ಎಡದಂಡೆ ಇದೆ. ಇಂದು ಒಂದೇ ಆಗಿ ಕಾಣುವ ಈ ಗೋಡೆಗೆ ಕಟ್ಟುವಾಗ ಇಬ್ಬರು ಯಜಮಾನರಿದ್ದರು. ಎಡದಂಡೆ ಹೈದರಾಬಾದ್ ನಿಜಾಮರದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು.

1944ರಲ್ಲಿ ಎರಡೂ ಸರಕಾರಗಳು ಒಪ್ಪಂದಕ್ಕೆ ಬಂದವು. 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು. ಆದರೆ ಅಣೆಕಟ್ಟಿನ ವಿನ್ಯಾಸದ ವಿಷಯದಲ್ಲಿ ಎರಡು ಕಡೆಯ ಮುಖ್ಯ ಇಂಜಿನಿಯರುಗಳಿಗೆ ಹೊಂದಾಣಿಕೆಯಾಗಲಿಲ್ಲ. ಕೊನೆಗೆ ಇಂಜಿನಿಯರುಗಳ ಒಂದು ಸಮಿತಿ ರಚಿಸಿ, ಎಂಬತ್ತೈದರ ಆಸುಪಾಸಿನಲ್ಲಿದ್ದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಅದರ ಅಧ್ಯಕ್ಷರನ್ನಾಗಿ ಮಾಡಲಾಯಿತು. ಸಮಿತಿಯ ತೀರ್ಮಾನ ಬಹುಪಾಲು ಮದ್ರಾಸ್ ಕಡೆಯ ಯೋಜನೆಗೆ ಒಲಿಯಿತು. ಕೆಲಸ ಮುಂದೆ ಸಾಗಿತು.

ಆಗ ಅವರು ಸರಕಾರಿ ಹುದ್ದೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹುದ್ದೆ ಇದ್ದರೂ ಮಾತು ನಡೆಯದ ಮುಖ್ಯಸ್ಥರನ್ನು ನಾವು ಶಾಲೆ, ಆಸ್ಪತ್ರೆ, ಸಹಕಾರಿ ಸಂಘಗಳಲ್ಲಿ ದಿನವೂ ಕಾಣುತ್ತೇವೆ. ಹುದ್ದೆಯೇ ಇಲ್ಲದವರ ಮಾತು ನಡೆದದ್ದು ಹೇಗೆ? ಅವರ ಜೀವನವನ್ನು ಈ ಪ್ರಶ್ನೆ ಇಟ್ಟುಕೊಂಡೇ ನೋಡೋಣ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು 1884ರಲ್ಲಿ ಬೊಂಬಾಯಿ ಲೋಕೋಪಯೋಗಿ ಇಲಾಖೆ ಸೇರಿದರು. ಮೊದಲ ವರ್ಷಗಳಲ್ಲೇ ಒಂದು ಪಾಠವಾಯಿತು. ಖಾನ್‌ದೇಶದಲ್ಲಿ ಕೊಳವೆ ಹಾಯಿಸುವ ಕೆಲಸವಿತ್ತು. ಮಳೆಗಾಲವೆಂದು ಅದನ್ನು ಮುಂದೂಡಲು ಇವರು ಕೇಳಿದ್ದು ಮೇಲಧಿಕಾರಿಗೆ ಹಿಡಿಸಲಿಲ್ಲ. ತರುಣ ಇಂಜಿನಿಯರ್ ವಾದಕ್ಕೆ ನಿಲ್ಲದೆ, ಅದೇ ಮಳೆಯಲ್ಲಿ ಕೆಲಸ ಮುಗಿಸಿ ಮೆಚ್ಚುಗೆ ಪಡೆದರು. ಮುಂದೆ ಸಾವಿರಾರು ಜನರಿಗೆ ಗಡುವು ಹಾಕಿದವರು ಮೊದಲು ತಾವೇ ಗಡುವಿನ ಬಿಸಿ ತಿಂದವರು.

ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ನೀರು ಕೊಡುವ ಹೊಣೆ 1890ರ ದಶಕದಲ್ಲಿ ಇವರ ಪಾಲಿಗೆ ಬಂತು. ಸಿಂಧೂ ನದಿಯ ನೀರು ಬರೀ ಕೆಸರು, ಪುರಸಭೆಯಲ್ಲಿ ಶೋಧನಾ ತೊಟ್ಟಿ ಕಟ್ಟಲು ಹಣವಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನಲ್ಲಿ ಸೋಸಿ ಬಂದ ನೀರನ್ನು ಬಳಸಿಕೊಂಡರು. ಇದ್ದುದರಲ್ಲಿ ದಾರಿ ಹುಡುಕುವ ಈ ಬುದ್ಧಿಯೇ ನಮಗೆ ಅವರ ದೊಡ್ಡ ಬಿರುದುಗಳಿಗಿಂತ ಹೆಚ್ಚು ಇಷ್ಟ. ಎರಡು ಮೊಂಬತ್ತಿಯ ಕಥೆಯನ್ನು ನಾವು ಇಲ್ಲಿ ಹೇಳುವುದಿಲ್ಲ, ಅದನ್ನು ಇನ್ನೂ ಎಷ್ಟೋ ಮಂದಿಯ ಹೆಸರಿನಲ್ಲಿ ಕೇಳಿದ್ದೇವೆ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಕೊಚ್ಚಿಹೋದಾಗ ನಿಜಾಮ್ ಸರಕಾರ ಇವರನ್ನು ಕರೆಸಿತು. ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯಬೇಕೆಂದು ಇವರು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದದ್ದು ಹಾಗೆ. ಎಡದಂಡೆಯವರಿಗೆ ಇವರ ಮೇಲೆ ನಂಬಿಕೆ ಮೂಡಿದ್ದು ಇಲ್ಲಿಂದಲೇ ಎನ್ನಬಹುದು.

ಬಲದಂಡೆಯವರ ಕಥೆಯೇ ಬೇರೆ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ, 1912ರಿಂದ ದಿವಾನರಾಗಿ ಕನ್ನಂಬಾಡಿ ಅಣೆಕಟ್ಟಿಗೆ ಇವರು ಹೋರಾಡಿದಾಗ ಎದುರು ನಿಂತದ್ದು ಇದೇ ಮದ್ರಾಸ್ ಸರಕಾರ. ಕಾವೇರಿ ನೀರಿನ ತಗಾದೆ ಪಂಚಾಯಿತಿಗೆ ಹೋಗಿ, 1914ರಲ್ಲಿ ತೀರ್ಪು ಬಂದು, ಮತ್ತೆ ಮೇಲಕ್ಕೆ ಹೋಗಿ, 1924ರಲ್ಲಷ್ಟೇ ಒಪ್ಪಂದವಾಯಿತು. ಅಷ್ಟು ಕಾಡಿಸಿದವರ ಯೋಜನೆಯೇ ಮುಂದೆ ತಮ್ಮ ಮೇಜಿಗೆ ಬಂದಾಗ ಇವರು ಹಳೆಯ ಲೆಕ್ಕ ತೆಗೆಯಲಿಲ್ಲ. ಪರಿಚಯದ ಹೈದರಾಬಾದ್ ಕಡೆಗೂ ವಾಲಲಿಲ್ಲ. ನಮ್ಮ ಕಮಿಟಿ ಸಭೆಗಳಲ್ಲಿ ಕಳೆದ ವರ್ಷದ ಮುನಿಸು ಈ ವರ್ಷದ ಠರಾವಿನ ಮೇಲೆ ಕೂರುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ದಿವಾನಗಿರಿಯ ಕಾಲದಲ್ಲಿ ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಹುಟ್ಟಿದ್ದು ಎಲ್ಲರಿಗೂ ತಿಳಿದದ್ದೇ. ಬಂಧುಗಳು ಶಿಫಾರಸಿಗೆ ಬರಬಾರದೆಂದು ಮಾತು ಪಡೆದೇ ಹುದ್ದೆ ಒಪ್ಪಿದರೆಂದು ಹೇಳುತ್ತಾರೆ.

ಎಲ್ಲದರಲ್ಲೂ ಅವರದೇ ಸರಿ ಎಂದು ನಾವು ಹೇಳುವುದಿಲ್ಲ. ಹಿಂದುಳಿದ ಸಮುದಾಯದವರಿಗೆ ಸರಕಾರಿ ಕೆಲಸಗಳಲ್ಲಿ ಹೆಚ್ಚು ಪಾಲು ಕೊಡಲು ನಾಲ್ವಡಿ ಕೃಷ್ಣರಾಜ ಒಡೆಯರು ಹೊರಟಾಗ, ದಕ್ಷತೆ ಕುಗ್ಗುತ್ತದೆಂದು ದಿವಾನರು ಒಪ್ಪಲಿಲ್ಲ. ಮಹಾರಾಜರೇ ದೂರದೃಷ್ಟಿಯವರೆಂದು ಇಂದು ಹಿಂತಿರುಗಿ ನೋಡಿದರೆ ಕಾಣುತ್ತದೆ. ಬಾಗಿಲ ಹೊರಗೇ ನಿಂತವರ ದಕ್ಷತೆಯನ್ನು ಅಳೆಯುವುದಾದರೂ ಹೇಗೆ? ಆದರೆ ಒಪ್ಪಿಗೆಯಾಗದ ಆದೇಶವನ್ನು ಕುರ್ಚಿಯಲ್ಲಿ ಕುಳಿತೇ ಒಳಗೊಳಗೆ ಕೆಡಿಸುವ ದಾರಿ ಅವರು ಹಿಡಿಯಲಿಲ್ಲ. 1918ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು.

ಮುನಿಸಿಕೊಂಡು ದೂರವೂ ಉಳಿಯಲಿಲ್ಲ. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗಿದ್ದಾಗ ಅದೇ ಸಂಸ್ಥಾನ ಕರೆಯಿತು, ಇವರು ಹೋದರು. 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಿಂತು ಖರ್ಚು ಹಿಡಿತಕ್ಕೆ ತಂದರು, ಊರಿನ ಹುಡುಗರನ್ನು ಕೆಲಸಕ್ಕೆ ತಯಾರು ಮಾಡಿದರು. ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದಕ್ಕೆ ಇಟ್ಟದ್ದು ಜಯಚಾಮರಾಜೇಂದ್ರ ಒಡೆಯರ ಹೆಸರು.

1953ರಲ್ಲಿ ತುಂಗಭದ್ರೆಯಲ್ಲಿ ನೀರು ನಿಂತಿತು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾಡೇ ಗಾಬರಿಯಾಯಿತು. ಕಲ್ಲಿನ ಕಟ್ಟಡ ಅಲುಗಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಕೂರಿಸಿದ ಸಿಬ್ಬಂದಿಯ ಕೆಲಸವೂ ಸಣ್ಣದಲ್ಲ.

ತೊಂಬತ್ತು ದಾಟಿದ ಮೇಲೂ ವಿಶ್ವೇಶ್ವರಯ್ಯನವರು ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಹಾಕಬೇಕೆಂದು ಸಲಹೆ ಕೊಟ್ಟರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು. ಆ ಹೊತ್ತಿಗೆ ಹುಲಿಗಿಯ ಕಡೆಯಿಂದ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಭತ್ತದ ಗದ್ದೆಗಳನ್ನು ತಲುಪಿತ್ತು.